ಗೋಡೆಯಲ್ಲಿ ಮೂರು ತೂತು

ಓದುಗರ ಪ್ರಶ್ನೆ, ಟೀವಿ ಮೆಕ್ಯಾನಿಕ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ ಟೀವಿಯದ್ದೇ. ತುಮಕೂರಿನ ಓಣಿಯೊಂದರಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕೂತವನಿಗೆ ಜರ್ಮನಿ, ಜಪಾನ್ ಪ್ರಶ್ನೆ ಯಾಕಪ್ಪಾ ಅಂತ ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ನಮ್ಮ ಬೀದಿಯಲ್ಲೇ ಏಳು ಮನೆಯ ಮಕ್ಕಳು ಹೊರಗಿದ್ದಾರೆ. ನನ್ನ ಮಗಳೂ ಸೇರಿ.

ಪ್ರಶ್ನೆ: ನನ್ನ ತವರು ತಿಪಟೂರು. ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ನಾಲ್ಕು ತಿಂಗಳಾಯಿತು. ಇಷ್ಟು ದಿನ ಲ್ಯಾಪ್‌ಟಾಪ್‌ನಲ್ಲೇ ಕಾಲ ಹಾಕಿದೆವು. ಜೂನ್‌ನಲ್ಲಿ ನಮ್ಮ ಅತ್ತೆ ಬರುತ್ತಾರೆ, ಅವರಿಗೆ ಟೀವಿ ಬೇಕೇ ಬೇಕು. ಯಜಮಾನರು ಅದಕ್ಕೂ ಮೊದಲು ಊರಿಗೆ ಹೋಗಿ ಬರುತ್ತಾರೆ. ಅಲ್ಲಿಂದಲೇ 43 ಇಂಚಿನದು ತಂದರೆ ಹೇಗೆ ಅಂತಾರೆ. ಇಲ್ಲಿ ತಗೊಂಡರೆ ಎಲ್ಲವೂ ಜರ್ಮನ್ ಭಾಷೆಯಲ್ಲಿರುತ್ತದಂತೆ. ಇನ್ನೊಂದು ವಿಷಯ. ಮನೆಯಲ್ಲಿ ಟೀವಿಯೇ ಇಲ್ಲ, ಆದರೂ ದುಡ್ಡು ಕಟ್ಟಿ ಅಂತ ಎರಡು ಸಲ ಕಾಗದ ಬಂತು. ಮೊದಲನೆಯದನ್ನು ಹರಿದು ಹಾಕಿದೆವು. ಎರಡನೆಯದರಲ್ಲಿ 55 ಯೂರೋ ಚಿಲ್ಲರೆ ಕೇಳಿದ್ದಾರೆ. ಇದು ಮೋಸದ್ದಾ?

ಉತ್ತರ: ಮೊದಲು ಆ ಕಾಗದದ ವಿಷಯ ಮುಗಿಸೋಣ. ಅದು ಮೋಸದ್ದಲ್ಲ ಕಣಮ್ಮ, ಹರಿಯಬೇಡಿ. ಎಆರ್‌ಡಿ, ಝಡ್‌ಡಿಎಫ್ ಅಂತ ಅಲ್ಲಿ ನಮ್ಮ ದೂರದರ್ಶನ, ಆಕಾಶವಾಣಿ ತರಹದ ಸಂಸ್ಥೆಗಳಿವೆ. ಅವು ನಡೆಯುವುದು ಹೆಚ್ಚಾಗಿ ಈ ದುಡ್ಡಿನಲ್ಲಿ. ಅದಕ್ಕೆ ‘ರುಂಡ್‌ಫುಂಕ್‌ಬೈಟ್ರಾಗ್’ ಅಂತ ಹೆಸರು. ಹೇಳುವಷ್ಟರಲ್ಲಿ ಧಾರಾವಾಹಿಯ ಒಂದು ಕಂತು ಮುಗಿದಿರುತ್ತದೆ. 2013ರ ಜನವರಿಯಿಂದ ಅದು ಟೀವಿಗಲ್ಲ, ಮನೆಗೆ. ಟೀವಿ ಇರಲಿ ಬಿಡಲಿ, ಒಂದು ಮನೆಗೆ ಒಂದು. 2021ರಿಂದ ತಿಂಗಳಿಗೆ 18.36 ಯೂರೋ. ಮೂರು ತಿಂಗಳಿಗೆ ಒಟ್ಟಿಗೆ ಕೇಳುತ್ತಾರೆ, ಹಾಗಾಗಿ 55.08. ನಿಮ್ಮ ಕಾಗದದಲ್ಲಿರುವುದೂ ಅದೇ ಇರಬೇಕು ನೋಡಿ. ನೀವು ಆ ಊರಿನ ಕಚೇರಿಯಲ್ಲಿ ವಿಳಾಸ ಬರೆಸಿದಿರಲ್ಲ, ಅಲ್ಲಿಂದ ಅವರಿಗೆ ನಿಮ್ಮ ಹೆಸರು ಹೋಗಿರುತ್ತದೆ. ಕಟ್ಟದೆ ಬಿಟ್ಟರೆ ಒಂದೊಂದು ಸಲಕ್ಕೂ ಕಡಿಮೆ ಅಂದರೆ 8 ಯೂರೋ ದಂಡ ಸೇರುತ್ತಾ ಹೋಗುತ್ತದೆ. ಒಂದೇ ಮನೆಯಲ್ಲಿ ನಾಲ್ಕು ಹುಡುಗರು ಸೇರಿ ಬಾಡಿಗೆಗಿದ್ದರೂ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಆ ಕಟ್ಟಿದವರ ಕಾಗದದ ನಂಬರ್ ಕೊಟ್ಟರಾಯಿತು. ಆ ದೇಶ ಬಿಟ್ಟು ಬರುವಾಗ ಮಾತ್ರ ಮರೆಯದೆ ಹೆಸರು ತೆಗೆಸಿ.

ಟೀವಿ ಇಲ್ಲದ ಮನೆಗೂ ದುಡ್ಡಾ ಅಂತ ನನ್ನ ಹೆಂಡತಿಗೂ ಸಿಟ್ಟು ಬಂದಿತ್ತು. ನಮ್ಮಲ್ಲೂ ಒಂದು ಕಾಲದಲ್ಲಿ ರೇಡಿಯೋಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟುತ್ತಿದ್ದೆವು. ನಮ್ಮಪ್ಪನ ಲೈಸೆನ್ಸ್ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ, ಸ್ಟಾಂಪು ಅಂಟಿಸಿ ಸೀಲು ಒತ್ತಿದ್ದು. ಅದನ್ನು ತೆಗೆದು ತೋರಿಸಿದ ಮೇಲೆ ಸುಮ್ಮನಾದಳು.

ಈಗ ಟೀವಿ. ಊರಿಂದ ಹೊರಬೇಡಿ. ಕರೆಂಟಿನ ತೊಂದರೆ ಏನಿಲ್ಲ. ಇಲ್ಲೂ 230 ವೋಲ್ಟು, 50 ಹರ್ಟ್ಜ್. ಅಲ್ಲೂ ಅಷ್ಟೇ. ಪ್ಲಗ್ಗಿನ ಕಡ್ಡಿ ಬೇರೆ, ಅಷ್ಟೇ. ತೊಂದರೆ ಇರುವುದು ಬೇರೆ ಕಡೆ. ವಿಮಾನದವರು ಒಂದು ಲಗೇಜಿಗೆ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಅಂತ ಲೆಕ್ಕ ಇಟ್ಟಿರುತ್ತಾರೆ. 43 ಇಂಚಿನ ಟೀವಿ ಬರೀ ಅಗಲವೇ ಮೂರು ಅಡಿ ಚಿಲ್ಲರೆ. ಡಬ್ಬ, ಥರ್ಮಾಕೋಲ್ ಸೇರಿದರೆ ಆ ಲೆಕ್ಕ ದಾಟಿಯೇ ದಾಟುತ್ತದೆ. ವಿಮಾನದಲ್ಲಿ ಬರುವವರು 430 ಯೂರೋಗಿಂತ ಜಾಸ್ತಿ ಬೆಲೆಯ ಸಾಮಾನು ತಂದರೆ ಅಲ್ಲಿ ಕಸ್ಟಮ್ಸ್‌ಗೆ ಹೇಳಬೇಕು. ಎಲ್ಲಕ್ಕಿಂತ ಮುಖ್ಯ, ಇಲ್ಲಿನ ವಾರಂಟಿ ಅಲ್ಲಿ ನಡೆಯುವುದಿಲ್ಲ. ಟೀವಿಯನ್ನು ಮಲಗಿಸಿ ಸಾಗಿಸಿದರೆ ಪ್ಯಾನೆಲ್ ಹೋಗುತ್ತದೆ, ಲಗೇಜ್ ಎತ್ತಿಹಾಕುವವರು ಅದನ್ನು ನಿಲ್ಲಿಸಿಯೇ ಇಡುತ್ತಾರೆ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ಪ್ಯಾನೆಲ್ ಒಡೆದ ಸೆಟ್ಟಿಗೆ ನನ್ನ ಅಂಗಡಿಯಲ್ಲೂ ಔಷಧಿ ಇಲ್ಲ.

ಯಾವ ಊರಲ್ಲಿ ನೋಡುತ್ತೀರೋ ಆ ಊರಲ್ಲೇ ಕೊಳ್ಳಿ. ಮುಂದಿನ ಪತ್ರಗಳಿಗೂ ಹೆಚ್ಚುಕಡಿಮೆ ಇದೇ ಉತ್ತರ, ಈಗಲೇ ಹೇಳಿಬಿಡುತ್ತೇನೆ.

ಮೆನು ಜರ್ಮನ್‌ನಲ್ಲಿರುತ್ತದೆ ಅನ್ನುವ ಭಯ ಬೇಡ. ಮೊದಲ ಸಲ ಆನ್ ಮಾಡಿದಾಗ ಭಾಷೆ ಕೇಳುತ್ತದೆ, ಇಂಗ್ಲಿಷ್ ಒತ್ತಿ. ಆಮೇಲೆ ದೇಶ ಕೇಳುತ್ತದೆ. ಇಲ್ಲಿಯೇ ಎಡವುವುದು. ನಾನೂ ಎಡವಿದ್ದೇನೆ, ಅದನ್ನು ಹೇಳಲೇಬೇಕು.

ಹೋದ ವರ್ಷ ಜರ್ಮನಿಯಲ್ಲಿರುವ ಮಗಳ ಮನೆಯಲ್ಲಿ 80 ದಿನ ಇದ್ದು ಬಂದೆ. ಹೋದ ಎರಡನೇ ವಾರ ಹೊಸ ಟೀವಿ ಬಂತು. ಅಳಿಯ ಡಬ್ಬ ಬಿಚ್ಚಲು ಹೊರಟ. ನಾನು ಬಿಡಲಿಲ್ಲ. ‘ಕೂತ್ಕೊಳ್ಳಿ, ಮೂವತ್ತೆಂಟು ವರ್ಷದಿಂದ ಇದೇ ಕೆಲಸ ನಂದು’ ಅಂದೆ. ಹಾಲಿನ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಬಿಳಿ ಪ್ಲೇಟು. ಅದರಲ್ಲಿ ಮೂರು ತೂತು. ಒಂದರ ನಡುವೆ ಕಡ್ಡಿ ಎದ್ದಿದೆ. ಇನ್ನೊಂದರಲ್ಲಿ ಬರೀ ಹಳ್ಳ. ಮೂರನೆಯದಕ್ಕೆ ಹೊರಗಡೆ ಥ್ರೆಡ್ ಇದೆ. ನಾನು ಹಿಂದೆ ಮುಂದೆ ನೋಡದೆ ವೈರಿನ ಕಡ್ಡಿ ಇರುವ ತುದಿಯನ್ನು ಹಳ್ಳಕ್ಕೆ ತೂರಿಸಿದೆ. ಚೆನ್ನಾಗಿ ಕೂತಿತು. ಆ ಕಡೆ ತುದಿ ಟೀವಿಗೆ ಹಾಕಲು ಹೋದರೆ ಹಳ್ಳಕ್ಕೆ ಹಳ್ಳ ಎದುರಾಯಿತು. ತಿರುಗಿಸಿದೆ, ಒತ್ತಿದೆ, ಕನ್ನಡಕ ಹಾಕಿಕೊಂಡು ನೋಡಿದೆ. ಅಳಿಯ ಏನೂ ಹೇಳಲಿಲ್ಲ. ‘ಟೀ ಮಾಡ್ಕೊಂಡು ಬರ್ತೀನಿ ಮಾವ’ ಅಂತ ಎದ್ದು ಹೋದ. ಒಳ್ಳೆಯ ಹುಡುಗ.

ಕಡ್ಡಿ ಎದ್ದಿರುವುದು ಟೀವಿಗೆ. ಹಳ್ಳ ಇರುವುದು ರೇಡಿಯೋಗೆ. ಥ್ರೆಡ್ ಇರುವುದು ಡಿಶ್ಶಿಗೆ. ವೈರನ್ನು ಉಲ್ಟಾ ಮಾಡಿದೆ, ಸರಿಹೋಯಿತು. ಆಮೇಲೆ ದೇಶ ಕೇಳಿತಲ್ಲ, ಅಭ್ಯಾಸಬಲದಿಂದ ಇಂಡಿಯಾ ಒತ್ತಿದ್ದೆ. ಅರ್ಧ ಗಂಟೆ ಹುಡುಕಿ ಸರಿಯಾಗಿ ಒಂದು ಚಾನೆಲ್ಲೂ ಹಿಡಿಯಲಿಲ್ಲ. ಡಾಯ್ಚ್‌ಲಾಂಡ್, ಅಂದರೆ ಜರ್ಮನಿ, ಅಂತ ಬದಲಾಯಿಸಿ ಕೇಬಲ್ ಅಂತ ಒತ್ತಿದ ಮೇಲೆ ಸಾಲುಸಾಲಾಗಿ ಬಂದವು. ಭಾಷೆ ಯಾವುದಾದರೂ ಇರಲಿ, ದೇಶ ಮಾತ್ರ ನೀವಿರುವ ದೇಶವೇ ಆಗಬೇಕು. ಚಾನೆಲ್ ಹುಡುಕುವ ಲೆಕ್ಕ, ಆ್ಯಪ್‌ಗಳ ಪಟ್ಟಿ ಎಲ್ಲ ಅದರ ಮೇಲೆ ನಿಂತಿದೆ.

ನಿಮ್ಮ ಮನೆಗೆ ಬಂದಿರುವುದು ಕೇಬಲ್ಲೋ ಡಿಶ್ಶೋ ಅಂತ ಮನೆ ಮಾಲೀಕರನ್ನು ಕೇಳಿ. ಮೊದಲೆಲ್ಲ ಎಷ್ಟೋ ಕಟ್ಟಡಗಳಲ್ಲಿ ಕೇಬಲ್ ದುಡ್ಡು ಬಾಡಿಗೆಯ ಖರ್ಚಿನಲ್ಲೇ ಸೇರಿರುತ್ತಿತ್ತು. 2024ರ ಜುಲೈ 1ರಿಂದ ಹಾಗೆ ಸೇರಿಸುವಂತಿಲ್ಲ, ಬೇಕಾದವರು ಬೇರೆ ಮಾಡಿಸಿಕೊಳ್ಳಬೇಕು. ಡಬ್ಬದ ಮೇಲೆ ‘ಟ್ರಿಪಲ್ ಟ್ಯೂನರ್’ ಅಂತ ಇರುವ ಸೆಟ್ಟು ತಗೊಂಡರೆ ಆಂಟೆನಾ, ಕೇಬಲ್, ಡಿಶ್ ಮೂರರ ಚಾನೆಲ್ಲನ್ನೂ ಹಿಡಿಯುವ ಭಾಗ, ಅಂದರೆ ಟ್ಯೂನರ್, ಅದರೊಳಗೇ ಇರುತ್ತದೆ, ಸೆಟ್‌ಟಾಪ್ ಬಾಕ್ಸ್ ತಲೆನೋವಿಲ್ಲ. ಏನೂ ಬೇಡ ಅಂದರೆ ಕಿಟಕಿ ಹತ್ತಿರ ಸಣ್ಣ ಆಂಟೆನಾ ಇಟ್ಟರೂ ಎಆರ್‌ಡಿ, ಝಡ್‌ಡಿಎಫ್ ಬರುತ್ತವೆ.

ಇಷ್ಟೆಲ್ಲ ಬರೆದೆ. ಆದರೆ ನಿಮ್ಮ ಅತ್ತೆಗೆ ಬೇಕಾಗಿರುವುದು ಆ ಮೂರು ತೂತಿನಲ್ಲಿ ಒಂದರಲ್ಲೂ ಬರುವುದಿಲ್ಲ ಅಲ್ವಾ? ಕನ್ನಡ ಧಾರಾವಾಹಿ ಬರುವುದು ವೈಫೈನಲ್ಲಿ. ಹಾಗಾಗಿ ಟೀವಿಗಿಂತ ಮೊದಲು ಇಂಟರ್‌ನೆಟ್ ನೋಡಿ. ಇಲ್ಲಿ ದುಡ್ಡು ಕಟ್ಟಿದ ಆ್ಯಪ್ ದೇಶ ದಾಟಿದರೆ ಎಷ್ಟೋ ಸಲ ಬಾಗಿಲು ಹಾಕಿಕೊಳ್ಳುತ್ತದೆ. ನೀವು ನೋಡುವ ಆ್ಯಪ್ ಜರ್ಮನಿಯಲ್ಲಿ ಸಿಗುತ್ತದಾ ಅಂತ ಲ್ಯಾಪ್‌ಟಾಪ್‌ನಲ್ಲಿ ಮೊದಲು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ಬಂದು ಟೀವಿ ಆ್ಯಪ್‌ನಲ್ಲಿ ಬರದಿದ್ದರೆ ಲ್ಯಾಪ್‌ಟಾಪಿಂದ ಟೀವಿಗೆ ಒಂದು ಎಚ್‌ಡಿಎಂಐ ವೈರ್ ಹಾಕಿ. ಈ ವೈರಿಗೆ ಮಾತ್ರ ದೇಶಭಾಷೆಯ ಭೇದವಿಲ್ಲ. ಇಲ್ಲಿಯದು ಅಲ್ಲಿ, ಅಲ್ಲಿಯದು ಇಲ್ಲಿ, ಎಲ್ಲೂ ನಡೆಯುತ್ತದೆ. ಯಜಮಾನರು ಊರಿಂದ ತರಲೇಬೇಕು ಅಂದರೆ ಅದನ್ನು ತರಲಿ.

ರಾತ್ರಿ ಎಂಟರ ಧಾರಾವಾಹಿ ಅಲ್ಲಿ ಬೇಸಿಗೆಯಲ್ಲಿ ಸಂಜೆ ನಾಲ್ಕೂವರೆಗೇ ಬರುತ್ತದೆ. ನನ್ನ ಹೆಂಡತಿಗೆ ಇದು ಒಗ್ಗಲೇ ಇಲ್ಲ. ಹೊರಗೆ ಅಷ್ಟು ಬಿಸಿಲಿಟ್ಟುಕೊಂಡು ಹೆಂಗ್ರೀ ನೋಡೋದು ಅಂತ ಪರದೆ ಎಳೆಯುತ್ತಿದ್ದಳು.

ಇನ್ನು ಸಣ್ಣಪುಟ್ಟದ್ದು. ತುಮಕೂರಿನಲ್ಲಿ ಅಂಗಡಿ ಹುಡುಗ ಬಂದು ಗೋಡೆಗೆ ಹೊಡೆದು, ಚಾನೆಲ್ ಹಿಡಿದುಕೊಟ್ಟು, ಟೀ ಕುಡಿದು ಹೋಗುತ್ತಾನೆ. ಅಲ್ಲಿ ಎಷ್ಟೋ ಸಲ ರಸ್ತೆ ಅಂಚಿನವರೆಗೆ ಮಾತ್ರ ತಂದಿಳಿಸುತ್ತಾರೆ. ಮೂರನೇ ಮಹಡಿಗೆ ಹೊರುವುದು ನಿಮ್ಮ ಕರ್ಮ. ಮೇಲೆ ತಂದುಕೊಡಲು ಬೇರೆ ದುಡ್ಡು, ಆರ್ಡರ್ ಮಾಡುವಾಗಲೇ ಓದಿಕೊಳ್ಳಿ. ಕಟ್ಟಡದ ಕಾಲಿಂಗ್ ಬೆಲ್ ಮೇಲೆ ನಿಮ್ಮ ಹೆಸರು ಇರಬೇಕು. ಅಲ್ಲಿ ಮನೆ ನಂಬರ್ ನೋಡಿ ಕೊಡುವುದಲ್ಲ, ಬೆಲ್ಲಿನ ಹೆಸರು ನೋಡಿ ಕೊಡುವುದು. ಮಗಳ ಮನೆಯ ಮೊದಲ ಪಾರ್ಸೆಲ್ ಇದೇ ಕಾರಣಕ್ಕೆ ವಾಪಸ್ ಹೋಗಿತ್ತು. ಬೆಲ್ ಮೇಲೆ ಹಳೇ ಬಾಡಿಗೆಯವರ ಹೆಸರೇ ಇತ್ತು. ಭಾನುವಾರ ಅಂಗಡಿಯೂ ಇಲ್ಲ, ಡ್ರಿಲ್ ಹಿಡಿಯುವ ಹಾಗೂ ಇಲ್ಲ. ರಾತ್ರಿ ಹತ್ತರ ಮೇಲೂ ಬೇಡ. ಬಾಡಿಗೆ ಮನೆ ತಾನೇ, ಗೋಡೆಯ ಸಹವಾಸ ಬಿಟ್ಟು ಟೀವಿಯನ್ನು ಅದರ ಕಾಲಿನ ಮೇಲೇ ನಿಲ್ಲಿಸಿ. ಬಿಲ್ಲಿನ ಅಕ್ಷರ ಆರು ತಿಂಗಳಲ್ಲಿ ಮಾಸುತ್ತದೆ, ಅದಕ್ಕೆ ತಂದ ದಿನವೇ ಫೋಟೋ ತೆಗೆದಿಡಿ. ಅಲ್ಲಿ ಮಾರಿದವರಿಗೆ ಎರಡು ವರ್ಷದ ಹೊಣೆ ಇರುತ್ತದೆ.

ಪ್ರಶ್ನೆ: ಕೋಲಾರದಲ್ಲಿ ನಮ್ಮ ಮೇಲಿನ ಮನೆಯನ್ನು ಜಪಾನಿನ ಒಬ್ಬ ಎಂಜಿನಿಯರ್‌ಗೆ ಬಾಡಿಗೆಗೆ ಕೊಟ್ಟಿದ್ದೇವೆ. ನರಸಾಪುರದ ಕಡೆ ಕೆಲಸ. ತುಂಬಾ ಒಳ್ಳೆಯವರು, ಗೇಟು ಹಾಕಿದರೂ ಸದ್ದು ಬರುವುದಿಲ್ಲ. ಅವರ ಸಾಮಾನು ಈಗ ಬಂತು, ಅದರಲ್ಲಿ ಟೀವಿಯೂ ಇದೆ. ನಮ್ಮ ಪ್ಲಗ್ಗಿಗೆ ಹಾಕಬಹುದಾ ಅಂತ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ಉತ್ತರ: ತಾಯಿ, ಈ ಪುಟ ಓದುವ ಮೊದಲೇ ಹಾಕಿಬಿಟ್ಟಿಲ್ಲ ಅಂದುಕೊಂಡಿದ್ದೇನೆ. ಜಪಾನಿನ ಮನೆಗಳಲ್ಲಿ ಕರೆಂಟು 100 ವೋಲ್ಟು. ನಮ್ಮದು 230. ಪ್ಲಗ್ಗಿನ ಕನ್ವರ್ಟರ್ ಅಂತ ಐವತ್ತು ರೂಪಾಯಿಗೆ ಸಿಗುತ್ತಲ್ಲ, ಅದು ಕಡ್ಡಿಯನ್ನು ಬದಲಾಯಿಸುತ್ತದೆ ಅಷ್ಟೇ. ವೋಲ್ಟೇಜನ್ನಲ್ಲ.

ಇದನ್ನು ನಾನು ಕಲಿತಿದ್ದು ದುಡ್ಡು ಕೊಟ್ಟು. ತೊಂಬತ್ತರ ದಶಕ. ಅಮೆರಿಕದಿಂದ ಬಂದವರೊಬ್ಬರು ದೊಡ್ಡ ಟೀವಿ ತಂದು ಅಂಗಡಿಯಲ್ಲಿಟ್ಟು, ‘ಇದಕ್ಕೊಂದು ನಮ್ಮೂರಿನ ಪ್ಲಗ್ ಹಾಕಿಕೊಡಿ’ ಅಂದರು. ಹಿಂದಿನ ಚೀಟಿ ಓದುವ ವ್ಯವಧಾನ ನನಗಿರಲಿಲ್ಲ. ಹಳೇ ಪ್ಲಗ್ ಕತ್ತರಿಸಿ ನಮ್ಮದು ಹಾಕಿ ಸ್ವಿಚ್ ಒತ್ತಿದೆ. ಪಟಾಕಿ ತರಹ ಒಂದು ಸದ್ದು. ಹಿಂದಿನ ಜಾಲರಿಯಿಂದ ಬಿಳಿ ಹೊಗೆ, ಮೀನು ಸುಟ್ಟ ವಾಸನೆ. ಕೆಪಾಸಿಟರ್ ಬಿರಿದಿತ್ತು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಪವರ್ ಸಪ್ಲೈ ಹೊಸದಾಗಿ ಕಟ್ಟಿಕೊಟ್ಟೆ, ಎರಡು ತಿಂಗಳ ಸಂಪಾದನೆ ಹೋಯಿತು. ಅಷ್ಟಾದ ಮೇಲೂ ಅವರಿಗೆ ಇಲ್ಲಿನ ಚಿತ್ರ ಸರಿಯಾಗಿ ಬರಲಿಲ್ಲ. ಟೀವಿ ಚಿತ್ರ ಕಳಿಸುವ ಪದ್ಧತಿ ಅವರದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಚಿತ್ರ ಮೇಲಕ್ಕೆ ಉರುಳುತ್ತಲೇ ಇತ್ತು.

ನೀವು ಹೀಗೆ ಮಾಡಿ. ಟೀವಿ ಹಿಂದಿನ ಚೀಟಿಯ ಫೋಟೋ ತೆಗೆಯಲು ಹೇಳಿ. ‘100-240’ ಅಂತ ಇದ್ದರೆ ಧೈರ್ಯವಾಗಿ ಹಾಕಿ. ಬರೀ ‘100’ ಅಂತ ಇದ್ದರೆ ಮಧ್ಯೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 110ರದ್ದು, ಅದು ಅಮೆರಿಕದ ಸಾಮಾನಿಗೆ ಅಂತ ಇಟ್ಟಿರುವುದು. 100 ಅಂತಲೇ ಹೇಳಿ ಸುತ್ತಿಸಿಕೊಳ್ಳಿ. ಚೀಟಿಯಲ್ಲಿರುವ ವ್ಯಾಟಿನ ಎರಡರಷ್ಟು ಶಕ್ತಿಯದ್ದಿರಲಿ.

ಕರೆಂಟು ಸರಿಹೋದರೂ ಆಂಟೆನಾ ಹಾಕಿ ಪ್ರಯೋಜನವಿಲ್ಲ. ಜಪಾನಿನ ಪ್ರಸಾರ ಪದ್ಧತಿಯೇ ಬೇರೆ, ಐಎಸ್‌ಡಿಬಿ ಅಂತ. ನಮ್ಮ ಡಿಟಿಎಚ್ ಬಾಕ್ಸಿನಿಂದ ಎಚ್‌ಡಿಎಂಐ ವೈರ್ ಎಳೆಯಬಹುದು. ಆದರೆ ಆ ಕಡೆಯ ಕೆಲವು ಸೆಟ್ಟುಗಳು 50 ಹರ್ಟ್ಜ್ ಚಿತ್ರ ಒಪ್ಪುವುದಿಲ್ಲ. ಬಾಕ್ಸಿನ ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಹಾಕಲು ಬಂದರೆ ಬಚಾವ್.

ಎರಡು ಮೂರು ವರ್ಷ ಇರುವವರಾದರೆ, ಆ ಟೀವಿ ಡಬ್ಬದಲ್ಲೇ ಇರಲಿ, ಕೋಲಾರದಲ್ಲೇ ಒಂದು 32 ಇಂಚಿನದು ತಗೊಳ್ಳಿ ಅನ್ನಿ. ಕಂಪನಿಯವರೇ ಬಂದು ಹಾಕಿಕೊಡುತ್ತಾರೆ. ನೀವು ಆ ಹೊತ್ತಿಗೆ ಮೇಲೆ ಹೋಗಿ ನಿಂತಿರಿ, ಯಾಕೆಂದರೆ ಹುಡುಗ ಮಾತಾಡುವುದು ಕನ್ನಡ ಇಲ್ಲವೇ ತೆಲುಗು. ಡಿಶ್ ಹಾಕುವುದಾದರೆ ತಾರಸಿ ನಿಮ್ಮದು, ಒಪ್ಪಿಗೆ ನಿಮ್ಮದೇ. ಡಿಡಿ ಫ್ರೀ ಡಿಶ್ ಹಿಡಿಯುವ ಜಿಸ್ಯಾಟ್-15 ಉಪಗ್ರಹ ಕೋಲಾರದಿಂದ ನೋಡಿದರೆ ಆಗ್ನೇಯಕ್ಕೆ, ಸಾಕಷ್ಟು ಎತ್ತರದಲ್ಲಿದೆ. ಆ ದಿಕ್ಕಿನಲ್ಲಿ ಸಿಂಟೆಕ್ಸ್ ಟ್ಯಾಂಕೋ ತೆಂಗಿನ ಗರಿಯೋ ಅಡ್ಡ ಬಂದರೆ ಗಾಳಿ ಬೀಸಿದಾಗಲೆಲ್ಲ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಡಿಶ್ಶಿನ ವೈರನ್ನೂ ಬಿಚ್ಚಬೇಕು ಅಂತ ಅವರಿಗೆ ಕೈಯಲ್ಲಿ ಮಾಡಿ ತೋರಿಸಿ. ಎಲ್ಲರೂ ಪ್ಲಗ್ ಮಾತ್ರ ಕೀಳುತ್ತಾರೆ, ಸಿಡಿಲು ಆ ವೈರಿನಲ್ಲೂ ಬರುತ್ತದೆ. ಅವರ ಊರಿನ ಸುದ್ದಿಗೆ, ಜಪಾನಿನ ದೂರದರ್ಶನದಂಥ ಎನ್‌ಎಚ್‌ಕೆಯವರ ‘ಎನ್‌ಎಚ್‌ಕೆ ವರ್ಲ್ಡ್’ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಬರುತ್ತದೆ, ಇಂಗ್ಲಿಷಿನಲ್ಲಿ.

ಪ್ರಶ್ನೆ: ಇದಕ್ಕೆ ಉಲ್ಟಾ ನನ್ನ ಕಥೆ. ಪಾವಗಡದವನು, ಜಪಾನಿನ ನಗೋಯಾಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಟೀವಿ ತಗೊಂಡರೆ ಬಾಗಿಲಿಗೇ ಬಂದು ದುಡ್ಡು ಕೇಳುತ್ತಾರಂತೆ, ನಿಜವೇ?

ಉತ್ತರ: ದುಡ್ಡು ಕೇಳುವುದು ನಿಜ. ಎನ್‌ಎಚ್‌ಕೆಯವರ ಪ್ರಸಾರ ಹಿಡಿಯುವ ಸೆಟ್ಟು ಮನೆಯಲ್ಲಿದ್ದರೆ ಕರಾರು ಮಾಡಿಕೊಳ್ಳಬೇಕು ಅಂತ ಅಲ್ಲಿನ ಕಾನೂನು. 2017ರಲ್ಲಿ ಅವರ ಸುಪ್ರೀಂ ಕೋರ್ಟು ಅದು ಸರಿ ಎಂದಿದೆ. ಪರದೇಶದವರು ಅಂತ ವಿನಾಯಿತಿ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಕಡಿಮೆ ಮಾಡಿದ ಮೇಲೆ ಮಾಮೂಲಿ ಕರಾರಿಗೆ ತಿಂಗಳಿಗೆ 1,100 ಯೆನ್, ಉಪಗ್ರಹ ಚಾನೆಲ್ ಸೇರಿದರೆ 1,950. ಜರ್ಮನಿಯಲ್ಲಿ ಮನೆಗೆ ಕಟ್ಟುವುದು, ಜಪಾನಿನಲ್ಲಿ ಸೆಟ್ಟಿಗೆ ಕಟ್ಟುವುದು. ಹಾಗಾಗಿ ಅಲ್ಲಿ ಒಂದು ದಾರಿಯಿದೆ. ಟ್ಯೂನರ್ ಇಲ್ಲದ ಟೀವಿ ಅಂತಲೇ ಮಾರುತ್ತಾರೆ. ಇಂಟರ್‌ನೆಟ್ ಆ್ಯಪ್ ಮಾತ್ರ ನಡೆಯುತ್ತದೆ, ಆಂಟೆನಾ ಹಾಕುವ ತೂತೇ ಇರುವುದಿಲ್ಲ. ಕನ್ನಡ ಸಿನಿಮಾ ಮತ್ತು ಕ್ರಿಕೆಟ್ ನೋಡುವವನಿಗೆ ಅಷ್ಟು ಸಾಕು.

ಮುಗಿದ ಮೇಲೆ ಬೀದಿಗೆ ಎಸೆಯುವ ಹಾಗಿಲ್ಲ. 2001ರಿಂದ ಹಳೇ ಟೀವಿ ಕೊಡಲು ನೀವೇ ದುಡ್ಡು ಕಟ್ಟಬೇಕು. ನಮ್ಮಲ್ಲಿ ಗುಜರಿಯವನು ಬಂದು ನಮಗೇ ಕೊಟ್ಟು ಹೋಗುತ್ತಾನೆ ಅಲ್ವಾ? ಅದನ್ನು ಅಲ್ಲಿ ಹೇಳಿದರೆ ನಂಬುವುದಿಲ್ಲ.

ಪ್ರಶ್ನೆ: ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುತ್ತಿದ್ದಾಳೆ. ರೂಮಿನಲ್ಲಿ ಟೀವಿ ಇಲ್ಲ, ಮೊಬೈಲಿನಲ್ಲೇ ಕನ್ನಡ ನ್ಯೂಸ್ ಚಾನೆಲ್ ಲೈವ್ ನೋಡುತ್ತಾಳೆ. ಅದಕ್ಕೂ ಟೀವಿ ಲೈಸೆನ್ಸ್ ಬೇಕು ಅಂತ ರೂಮಿನ ಹುಡುಗಿ ಹೆದರಿಸಿದ್ದಾಳೆ. — ಚಿಕ್ಕಬಳ್ಳಾಪುರದ ತಂದೆ

ಉತ್ತರ: ಆ ಹುಡುಗಿ ಹೇಳಿದ್ದು ಸರಿ ಸ್ವಾಮಿ. ಅಲ್ಲಿ ಪರದೆ ಯಾವುದು ಅನ್ನುವುದು ಲೆಕ್ಕಕ್ಕಿಲ್ಲ, ಟೀವಿ ಚಾನೆಲ್ಲನ್ನು ಲೈವ್ ನೋಡಿದಿರಾ ಅನ್ನುವುದು ಲೆಕ್ಕ. ಚಾನೆಲ್ ನಮ್ಮ ದೇಶದ್ದಾದರೂ ಯೂಟ್ಯೂಬಿನಲ್ಲಿ ಬಂದರೂ ಅಷ್ಟೇ. ಬಿಬಿಸಿಯ ಐಪ್ಲೇಯರ್ ಆ್ಯಪ್‌ಗೆ ಲೈವ್ ಅಲ್ಲದಿದ್ದರೂ ಬೇಕು. 2025ರ ಏಪ್ರಿಲ್‌ನಲ್ಲಿ ಆ ಲೈಸೆನ್ಸ್ ವರ್ಷಕ್ಕೆ 174.50 ಪೌಂಡ್ ಆಯಿತು. ಸಿಕ್ಕಿಬಿದ್ದರೆ ದಂಡ 1,000 ಪೌಂಡಿನವರೆಗೂ ಹೋಗಬಹುದು. ನ್ಯೂಸ್ ಮುಗಿದ ಮೇಲೆ ಹಾಕುವ ತುಣುಕುಗಳನ್ನು ನೋಡಿಕೊಳ್ಳಲಿ, ಅದಕ್ಕೆ ಲೈಸೆನ್ಸ್ ಬೇಡ. ನ್ಯೂಸ್ ಚಾನೆಲ್ಲಿನಲ್ಲಿ ಒಂದು ಗಂಟೆ ತಡವಾಗಿ ನೋಡಿದರೆ ಕಳೆದುಕೊಳ್ಳುವುದಾದರೂ ಏನು?

ಪ್ರಶ್ನೆ: ಗೌರಿಬಿದನೂರಿನಿಂದ ಬರೆಯುತ್ತಿದ್ದೇನೆ. ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ನವೆಂಬರಿನ ಸೇಲ್‌ನಲ್ಲಿ 65 ಇಂಚಿನ ಟೀವಿ ತಗೊಂಡು, ಒಂದು ವರ್ಷ ನೋಡಿ, ವಾಪಸ್ ಬರುವಾಗ ನನಗೆ ತಂದುಕೊಡುತ್ತಾನಂತೆ.

ಉತ್ತರ: ಮಗನ ಪ್ರೀತಿ ದೊಡ್ಡದು, ಟೀವಿ ಅದಕ್ಕಿಂತ ದೊಡ್ಡದು. ನಾಲ್ಕು ಮುಕ್ಕಾಲು ಅಡಿ ಅಗಲ. ಮೊದಲು ಇಂಥ ಟೀವಿ ತಂದರೆ ಲಗೇಜಿನ ಸುಂಕ ವಿನಾಯಿತಿಯಲ್ಲಿ ಸೇರುತ್ತಿತ್ತು. 2013ರ ಆಗಸ್ಟ್‌ನಲ್ಲಿ ಚಪ್ಪಟೆ ಪರದೆಯ ಟೀವಿಯನ್ನು ಆ ಪಟ್ಟಿಯಿಂದ ತೆಗೆದರು. ಸುಂಕ, ಸಾಗಣೆ ಎಲ್ಲ ಸೇರಿದರೆ ಸೇಲ್‌ನಲ್ಲಿ ಉಳಿದ ದುಡ್ಡು ವಿಮಾನ ನಿಲ್ದಾಣದಲ್ಲೇ ಖಾಲಿ. ಅಲ್ಲಿನ ಕರೆಂಟು 120 ವೋಲ್ಟು, 60 ಹರ್ಟ್ಜ್. ಚೀಟಿ ನೋಡದೆ ಹಾಕಿದರೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೇನೆ.

ಅವನು ತನಗೆ ತಗೊಳ್ಳಲಿ, ಧಾರಾಳವಾಗಿ. ಅಲ್ಲಿ ಲೈಸೆನ್ಸ್ ಗಿಲೈಸೆನ್ಸ್ ಏನೂ ಇಲ್ಲ. ಚೀಟಿಯಲ್ಲಿ ಬರೆದ ಬೆಲೆಯ ಮೇಲೆ ಕೌಂಟರಿನಲ್ಲಿ ಟ್ಯಾಕ್ಸ್ ಸೇರುತ್ತದೆ ಅಂತ ತಿಳಿದಿರಲಿ. ಗೋಡೆಗೆ ಹಾಕುವುದಾದರೆ ಬಾಡಿಗೆ ಕರಾರು ಓದಿ, ಮಾಲೀಕರನ್ನು ಕೇಳಿ ಹಾಕಲಿ. ಅಲ್ಲಿನ ಗೋಡೆ ನಮ್ಮ ಇಟ್ಟಿಗೆ ಗೋಡೆ ಅಲ್ಲ. ಮುಂದೆ ಜಿಪ್ಸಮ್ ಹಲಗೆ, ಒಳಗೆ ಪೊಳ್ಳು. ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ನಿಂತಿರುತ್ತದೆ. ಬೆರಳಿನ ಗಿಣ್ಣಿನಿಂದ ತಟ್ಟುತ್ತಾ ಹೋದರೆ ಡಬ್ ಡಬ್ ಅನ್ನುವ ಸದ್ದು ಒಂದು ಕಡೆ ಗಟ್ಟಿಯಾಗುತ್ತದೆ. ಕಂಬ ಇರುವುದು ಅಲ್ಲಿ. ಅದನ್ನು ಹುಡುಕುವ ಸಣ್ಣ ಯಂತ್ರವೂ ಅಂಗಡಿಯಲ್ಲಿ ಸಿಗುತ್ತದೆ. ಸ್ಕ್ರೂ ಆ ಕಂಬಕ್ಕೇ ಹೋಗಬೇಕು, ಇಲ್ಲದಿದ್ದರೆ ಟೀವಿ ಹಲಗೆಯನ್ನೂ ಕಿತ್ತುಕೊಂಡು ಕೆಳಗೆ ಬರುತ್ತದೆ.

ಬರುವಾಗ ಅಲ್ಲೇ ಮಾರಿ, ಆ ದುಡ್ಡು ನಿಮಗೆ ಕಳಿಸಲಿ. ಗೌರಿಬಿದನೂರಿನಲ್ಲೇ ತಗೊಳ್ಳಿ. ನಿಮ್ಮ ಹಾಲು ಹತ್ತಡಿ ಇದ್ದರೆ 43 ಇಂಚು ಧಾರಾಳವಾಯಿತು.